ಚಕ್ರರತ್ನ ನಿಲ್ಲುವ ಜಾಗ

ಹೊಸ ಗಾಡಿ ಹೊರಡುವ ಮುಂಚೆ ಅದರ ಚಕ್ರಗಳ ಅಡಿಗೆ ನಿಂಬೆಹಣ್ಣು ಇಡುವುದು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡದ ಪದ್ಧತಿ. ಆಯುಧಪೂಜೆಯ ದಿನ ಅದೇ ಮತ್ತೊಮ್ಮೆ. ಟೈರಿಗೆ ವಿಭೂತಿ ಪಟ್ಟೆ, ಕುಂಕುಮದ ಬೊಟ್ಟು, ಬಾನೆಟ್ಟಿಗೆ ಚೆಂಡುಹೂವಿನ ಹಾರ. ಬೂದುಗುಂಬಳ ನಿವಾಳಿಸಿ ಒಡೆದಾದ ಮೇಲೆ ಗಾಡಿ ಒಂದು ಮೊಳ ಮುಂದೆ ಸರಿಯುತ್ತದೆ, ನಿಂಬೆ ಪಚ್ಚನೆ ಒಡೆಯುತ್ತದೆ. ಕೇಳಿದರೆ ದೃಷ್ಟಿ ತೆಗೆಯಲು ಎನ್ನುತ್ತಾರೆ. ಇರಬಹುದು. ಆದರೆ ನಿಂಬೆಹಣ್ಣು ಬಲಿಯೂ ಹೌದು. ಕುರಿ ಕೋಳಿಯ ಜಾಗಕ್ಕೆ ಬಂದು ಕೂತ, ರಕ್ತವಿಲ್ಲದ ಬಲಿ. ಉರುಳುವ ವಸ್ತು ಏನನ್ನಾದರೂ ಅರೆಯದೆ ಉರುಳುವುದಿಲ್ಲ ಎಂಬುದನ್ನು ಈ ಪುಟ್ಟ ಆಚರಣೆ ಮೊದಲ ದಿನವೇ ಒಪ್ಪಿಕೊಂಡುಬಿಡುತ್ತದೆ. ಮುಂದೆ ಆಗಲಿರುವುದಕ್ಕೆ ಮುಂಗಡವಾಗಿ ಒಂದು ಹಣ್ಣು ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳುವ ಜಾಣತನವೂ ಅದರಲ್ಲಿ ಇದ್ದೀತು. ಒಂದು ನಿಂಬೆಗೆ ಎಷ್ಟು ಕಿಲೋಮೀಟರ್ ಸಾಲ ತೀರುತ್ತದೆ ಎಂದು ಮಾತ್ರ ಯಾವ ಪುರೋಹಿತರೂ ಹೇಳಿದ್ದಿಲ್ಲ.

ಫೋರ್ ವೀಲ್ ಡ್ರೈವ್ ಗಾಡಿಗೆ ಆಲ್ ಟೆರೇನ್ ಟೈರು ಆರಿಸುವುದು ಮೇಲ್ನೋಟಕ್ಕೆ ಅಂಗಡಿಯಲ್ಲಿ ಮುಗಿಯುವ ಮಾತು: ಸೈಜು, ಬ್ರ್ಯಾಂಡು, ರೇಟು. ಅದು ಧರ್ಮಜಿಜ್ಞಾಸೆಯೂ ಹೌದು ಎಂಬುದು ನನ್ನ ವಾದ. ಇದನ್ನು ಪರೀಕ್ಷಿಸಲು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರು ಒಳ್ಳೆಯ ಜಾಗ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಕೆಂಪು ಮರಳು ಮಿಶ್ರಿತ ತೆಳು ಮಣ್ಣು, ಗರಸು, ಅಲ್ಲಲ್ಲಿ ಎರೆ, ಬಳ್ಳಾರಿ ಜಾಲಿಯ ಪೊದೆ, ಶೇಂಗಾ ಹೊಲ, ಅದರಾಚೆ ಕಾವಲು ಎಂದು ಕರೆಯುವ ಹುಲ್ಲುಗಾವಲು. ಹೆದ್ದಾರಿಯ ಡಾಂಬರು ಬಿಟ್ಟು ಹತ್ತು ನಿಮಿಷ ಹೋದರೆ ಟೈರು ತಯಾರಕರ ಜಾಹೀರಾತಿನಲ್ಲಿ ಕಾಣುವ ನೆಲಗಳಲ್ಲಿ ಹಿಮವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಹೀಗಿರುವಾಗ ಇಲ್ಲಿ ಗಾಡಿ ಇಟ್ಟವನಿಗೆ ಎಲ್ಲ ನೆಲಕ್ಕೂ ಸಲ್ಲುವ ಟೈರು ಬೇಕೆನಿಸುವುದು ಸಹಜ. ಆದರೆ ಆ ಹೆಸರನ್ನೇ ಒಮ್ಮೆ ನಮ್ಮ ಮಾತಿಗೆ ತಂದು ನೋಡಿ. ಸರ್ವಭೂಮಿಗೆ ಸಂಬಂಧಪಟ್ಟದ್ದು ಸಾರ್ವಭೌಮ. ಆ ಪದ ನಮ್ಮಲ್ಲಿ ಟೈರಿಗಿಲ್ಲ, ಚಕ್ರವರ್ತಿಗಿದೆ. ಯಾರ ರಥಚಕ್ರಕ್ಕೆ ಎಲ್ಲೂ ತಡೆಯಿಲ್ಲವೋ ಅವನು ಚಕ್ರವರ್ತಿ ಎಂದು ವಿವರಿಸುವುದೂ ಉಂಟು. ಅಂಗಡಿಯವನು ನಮಗೆ ನಾಲ್ಕು ರಬ್ಬರ್ ಬಳೆಗಳ ಜೊತೆಗೆ ಒಂದು ಬಿರುದನ್ನೂ ಮಾರುತ್ತಿದ್ದಾನೆ.

ಮೊದಲು ರಬ್ಬರಿನ ಲೆಕ್ಕ ನೋಡೋಣ, ಬಿರುದಿನದು ಆಮೇಲೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಜೀಪಿನ ಒಂದೊಂದು ಚಕ್ರದ ಮೇಲೆ ಸುಮಾರು 500 ಕಿಲೋ ಭಾರ. ಟೈರಿನ ಗಾಳಿ 30 ಪೌಂಡ್ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. ಭಾಗಿಸಿದರೆ ಬರುವುದು 240 ಚದರ ಸೆಂಟಿಮೀಟರಿನ ಆಸುಪಾಸು, ಅಂದರೆ ಬೆರಳು ಜೋಡಿಸಿ ಪಕ್ಕಪಕ್ಕ ಇಟ್ಟ ಎರಡು ಅಂಗೈಗಿಂತ ಚಿಕ್ಕದು. ಇಡೀ ಗಾಡಿ, ಅದರೊಳಗಿನ ಸಂಸಾರ, ಅವರ ಗರ್ವ ಎಲ್ಲ ನಿಂತಿರುವುದು ಇಷ್ಟೇ ಅಗಲದ ನಾಲ್ಕು ತೇಪೆಗಳ ಮೇಲೆ. ಗಾಳಿಯನ್ನು 18ಕ್ಕೆ ಇಳಿಸಿದರೆ ಅದೇ ತೇಪೆ ಸುಮಾರು 395ಕ್ಕೆ ಹಿಗ್ಗುತ್ತದೆ. ಮರಳಿನಲ್ಲಿ ಹೂತುಕೊಳ್ಳುತ್ತಿದ್ದ ಚಕ್ರ ತೇಲಿದಂತೆ ಮೇಲೆ ಬರುತ್ತದೆ. ಮತ್ತೆ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸದಿದ್ದರೆ ಪಕ್ಕೆ ಕಾದು ಸಿಡಿಯುವ ಅಪಾಯ. ಇಂಚು ಲೆಕ್ಕದಲ್ಲಿ ದೊಡ್ಡ ಟೈರು ಹಾಕಿಸುವುದಕ್ಕಿಂತ ಇನ್ನೂರು ಮುನ್ನೂರು ರೂಪಾಯಿಯ ಗಾಳಿ ಗೇಜು ಹೆಚ್ಚು ಕೆಲಸ ಮಾಡುವ ಸಂದರ್ಭ ಬಹಳ. ಟೈರಿನ ಮೈಮೇಲಿನ ಬಟನ್ನುಗಳ ಮಾತಿಗೆ ಬಂದರೆ, ರಸ್ತೆ ಟೈರಿನಲ್ಲಿ ರಬ್ಬರು ಹೆಚ್ಚು, ಸಂದು ಕಡಿಮೆ. ಕೆಸರಿನ ಟೈರಿನಲ್ಲಿ ಸಂದೇ ಹೆಚ್ಚು. ಆಲ್ ಟೆರೇನ್ ಎಂಬುದು ಇವೆರಡರ ನಡುವಿನ ರಾಜಿ. ರಾಜಿ ಎಂದಮೇಲೆ ಎರಡೂ ಕಡೆ ನಷ್ಟವಿದೆ. ಮಳೆ ಬಿದ್ದ ಡಾಂಬರಿನಲ್ಲಿ ಬ್ರೇಕು ತುಸು ತಡವಾಗಿ ಹಿಡಿಯುತ್ತದೆ, ಸದ್ದು ಏರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಇನ್ನು ನಿಜವಾಗಿ ಅಂಟುವ ಎರೆಮಣ್ಣಿನಲ್ಲಿ ಸಂದುಗಳೆಲ್ಲ ಮೆತ್ತಿಕೊಂಡು ಟೈರು ನುಣ್ಣನೆಯ ಮುದ್ದೆಯಾದಾಗ ಅದು ಆಲ್ ಟೆರೇನೋ ರಸ್ತೆಯದೋ ಎಂಬ ಭೇದವೇ ಉಳಿಯುವುದಿಲ್ಲ. ಎರೆ ನೆಲದ ಒಕ್ಕಲು ಮಕ್ಕಳು ಮಳೆ ಹೊಯ್ದ ಮಾರನೇ ದಿನ ಬಂಡಿ ಹೂಡುತ್ತಿರಲಿಲ್ಲ. ಸರ್ವಭೂಮಿಯ ಟೈರಿಗೂ ಆ ದಿನ ಅದೇ ಬುದ್ಧಿ ಬರಬೇಕಾಗುತ್ತದೆ.

ಇದರ ಜೊತೆಗೆ ಸೈಜಿನ ಆಸೆ ಬೇರೆ. ಮಾರುತಿ ಜಿಮ್ನಿಗೆ ಕಂಪನಿಯೇ ಕೊಡುವ ಟೈರು 195/80 ಆರ್ 15. ಅದರ ವ್ಯಾಸ ಸುಮಾರು 69 ಸೆಂಟಿಮೀಟರ್. ಅದನ್ನು ತೆಗೆಸಿ 235/75 ಆರ್ 15 ಹಾಕಿಸಿದರೆ ವ್ಯಾಸ 73 ದಾಟುತ್ತದೆ, ಅಂದರೆ ಶೇ 6ರಷ್ಟು ಹೆಚ್ಚು. ನೆಲದಿಂದ ಗಾಡಿ ಮೇಲೇಳುವುದು ವ್ಯಾಸ ಹೆಚ್ಚಿದ್ದರ ಅರ್ಧ, ಬರೀ ಎರಡು ಸೆಂಟಿಮೀಟರ್. ಬದಲಿಗೆ ಎಂಜಿನ್ನಿನ ಎಳೆತ ಅಷ್ಟು ಕುಗ್ಗುತ್ತದೆ, ವೇಗದ ಮುಳ್ಳು ಮೊದಲಿಗಿಂತ ಅಷ್ಟು ಕಡಿಮೆ ತೋರಿಸತೊಡಗುತ್ತದೆ, ಓಡಿದ ದೂರವನ್ನೂ ಕಡಿಮೆ ಬರೆದುಕೊಳ್ಳುತ್ತದೆ. ತನ್ನ ವೇಗ ಎಷ್ಟೆಂದು ತನಗೇ ಸುಳ್ಳು ಹೇಳುವ ಗಾಡಿ ಅದು. ನೈತಿಕ ರೂಪಕ ಹುಡುಕಿಕೊಂಡು ಹೋಗಬೇಕಾದ ಅಗತ್ಯವೇ ಬೀಳದ ಹಾಗೆ ಯಂತ್ರವೇ ಅದನ್ನು ಒದಗಿಸಿಬಿಡುತ್ತದೆ.

ಇನ್ನು ಬಿರುದಿನ ಲೆಕ್ಕ. ತಡೆಯಿಲ್ಲದ ಚಕ್ರದ ಕಥೆಯನ್ನು ಕನ್ನಡ ತನ್ನ ಮೊದಲ ಮಹಾಕಾವ್ಯದಲ್ಲೇ ಹೇಳಿದೆ. ಪಂಪ 941ರ ಹೊತ್ತಿಗೆ ಬರೆದ ಆದಿಪುರಾಣದಲ್ಲಿ ಭರತನ ಚಕ್ರರತ್ನ ಷಟ್ಖಂಡ ಮಂಡಲವನ್ನು ಸುತ್ತಿ ಬರುತ್ತದೆ. ನದಿ, ಬೆಟ್ಟ, ಗುಹೆ, ಮ್ಲೇಚ್ಛಖಂಡ ಯಾವುದೂ ಅದಕ್ಕೆ ಅಡ್ಡಿಯಲ್ಲ. ಈ ಯಾತ್ರೆಯ ಎರಡು ಘಟನೆಗಳು ನಮಗೆ ಮುಖ್ಯ. ಒಂದು, ಭರತ ತಾನು ಯಾರೂ ತಲುಪದ ಜಾಗ ತಲುಪಿದೆನೆಂದು ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಹೋದರೆ ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿ ಜಾಗವಿಲ್ಲ. ಒಂದನ್ನು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಯಾರೂ ಹೋಗದ ದಾರಿಯೆಂದು ಹುಡುಕಿ ಹೋದಲ್ಲಿ ಮೊದಲೇ ಬಂದವರ ಟೈರಿನ ಗುರುತು, ಚಿಪ್ಸ್ ಪೊಟ್ಟಣ ಕಂಡು ಮುಖ ಸಪ್ಪಗಾಗುವ ಇವತ್ತಿನ ಸವಾರನಿಗೆ ಈ ಪ್ರಸಂಗ ಸಲೀಸಾಗಿ ಅರ್ಥವಾದೀತು. ಎರಡು, ಎಲ್ಲ ಗೆದ್ದು ಮರಳಿದ ಚಕ್ರ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ಒಳಗೆ ಹೋಗಲೊಲ್ಲದು. ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂಬುದು ಪುರೋಹಿತರು ಕೊಟ್ಟ ಕಾರಣ. ಅಲ್ಲಿಂದ ಬಾಹುಬಲಿಯ ಕಥೆ ಶುರು. ಸಮುದ್ರ ಬೆಟ್ಟ ತಡೆಯದ ಚಕ್ರ ತನ್ನದೇ ಮನೆಯ ಹೊಸ್ತಿಲಲ್ಲಿ ತಡೆದು ನಿಲ್ಲುತ್ತದೆ. ಹೊರಗಿನ ನೆಲ ಯಾವುದೂ ಅದಕ್ಕೆ ಕಷ್ಟವಾಗಲಿಲ್ಲ, ಸಂಬಂಧದ ನೆಲ ಕಷ್ಟವಾಯಿತು. ಕೊನೆಗೆ ಆ ಚಕ್ರವನ್ನು ತಮ್ಮನ ಮೇಲೆಯೇ ಪ್ರಯೋಗಿಸಿದ ಭರತ ಗೆದ್ದದ್ದೇನು ಎಂಬುದನ್ನು ಪಂಪ ಓದುಗನ ಊಹೆಗೆ ಬಿಟ್ಟಿಲ್ಲ.

ದಿಗ್ವಿಜಯದ ಈ ಕಥೆ ಹೇಳಿದ ಅದೇ ಜೈನ ಪರಂಪರೆಯಲ್ಲಿ ಅದಕ್ಕೆ ಎದುರುಬದುರಾಗಿ ಇನ್ನೊಂದು ಪದ ಇದೆ: ದಿಗ್ವ್ರತ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಸಂಸಾರಿಗಳಿಗೆ ಹೇಳುವ ಮೂರು ಗುಣವ್ರತಗಳಲ್ಲಿ ಮೊದಲನೆಯದು ಇದು. ಇಂಥ ದಿಕ್ಕಿನಲ್ಲಿ ಇಂಥ ಸಮುದ್ರ, ನದಿ, ಅಡವಿ, ಬೆಟ್ಟ, ನಾಡು ಅಥವಾ ಇಷ್ಟು ಯೋಜನ ದಾಟಿ ನಾನು ಹೋಗುವುದಿಲ್ಲ ಎಂದು ಗೃಹಸ್ಥ ಬದುಕಿರುವವರೆಗೆ ತನಗೆ ತಾನೇ ಎಲ್ಲೆ ಹಾಕಿಕೊಳ್ಳುವುದು. ವಿಚಿತ್ರವಾಗಿ ಕಾಣುವ ಈ ವ್ರತಕ್ಕೆ ಕೊಡುವ ಸಮರ್ಥನೆ ನಿಜಕ್ಕೂ ಸೂಕ್ಷ್ಮವಾದದ್ದು. ಸಂಸಾರಿ ಹಿಂಸೆಯನ್ನು ಪೂರ್ತಿ ಬಿಡಲಾರ. ಉಳಬೇಕು, ಅಡಬೇಕು, ಸಾಗಿಸಬೇಕು. ಆದರೆ ತಾನು ಹಾಕಿಕೊಂಡ ಎಲ್ಲೆಯ ಆಚೆಗಿನ ಇಡೀ ಜಗತ್ತಿನ ಮಟ್ಟಿಗೆ ಅವನು ಮುನಿಯಷ್ಟೇ ನಿರಪರಾಧಿ, ಏಕೆಂದರೆ ಅಲ್ಲಿ ಅವನಿಂದ ಸಣ್ಣ ಪಾಪವೂ ಆಗುವುದಿಲ್ಲ. ನಾನು ಹೋಗದಿರುವ ಕಡೆ ನನ್ನ ಅಹಿಂಸೆ ಸಂಪೂರ್ಣ. ಈ ಮಾತನ್ನು ಒಪ್ಪಲು ಜೈನರೇ ಆಗಬೇಕಿಲ್ಲ. ಗಮನಿಸಬೇಕಾದ್ದು ವ್ರತ ತೊಡುವ ಹೊತ್ತು. ನದಿಯ ದಡದಲ್ಲಿ ನಿಂತು ದಾಟಲೋ ಬೇಡವೋ ಎಂದು ಯೋಚಿಸುವುದು ವ್ರತವಲ್ಲ; ಮನಸ್ಸು ತಣ್ಣಗಿರುವಾಗ, ಮನೆಯಲ್ಲಿ ಕೂತು, ದಡ ಎದುರಾಗುವ ಮುಂಚೆಯೇ ನಿರ್ಧರಿಸುವುದು ವ್ರತ. ಟೈರಿನ ಅಂಗಡಿಯೂ ಅಂಥ ಒಂದು ಜಾಗ. ಮುಂದಿನ ನಲವತ್ತು ಐವತ್ತು ಸಾವಿರ ಕಿಲೋಮೀಟರು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಲು ಮನಸ್ಸಾಗುತ್ತದೆ ಎಂಬುದು ಆ ಅರ್ಧ ಗಂಟೆಯಲ್ಲಿ ಬಹುಪಾಲು ತೀರ್ಮಾನವಾಗುತ್ತದೆ.

ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ: ಟೈರು ಬರೀ ಸಾಧನ, ಪಾಪಪುಣ್ಯ ಸ್ಟಿಯರಿಂಗ್ ಹಿಡಿದವನದು, ಚಾಕುವಿನಿಂದ ಹಣ್ಣೂ ಹೆಚ್ಚಬಹುದು, ಕೊಲೆಯೂ ಮಾಡಬಹುದು. ಈ ಚಾಕುವಿನ ವಾದ ಹಳೆಯದು, ಜೈನ ಆಚಾರ್ಯರಿಗೂ ಗೊತ್ತಿದ್ದಿರಬೇಕು. ಆದರೂ ಅವರು ಅನರ್ಥದಂಡದ, ಅಂದರೆ ವ್ಯರ್ಥ ಹಿಂಸೆಯ ಪಟ್ಟಿಯಲ್ಲಿ ಹಿಂಸಾದಾನ ಎಂದೊಂದನ್ನು ಸೇರಿಸಿದರು: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿಯಂಥ ಉಪಕರಣಗಳನ್ನು ಸುಮ್ಮನೆ ಒದಗಿಸುವುದೇ ದೋಷ. ಏಕೆ? ಸಾಧನ ಕೈಗೆ ಬಂದಮೇಲೆ ಕೈ ಮೊದಲಿನ ಕೈಯಾಗಿ ಉಳಿಯುವುದಿಲ್ಲ. ಆರು ತಿಂಗಳು ಹಳ್ಳ ಕಾಣದ ಬಟನ್ ಟೈರು ತನ್ನ ಮಾಲೀಕನನ್ನು ಮೂದಲಿಸುತ್ತದೆ. ಅಷ್ಟು ದುಡ್ಡು ಹಾಕಿ ಡಾಂಬರಿನ ಮೇಲೆ ಸವೆಸುವುದೇ ಎಂದು. ಆಗ ಹುಟ್ಟುವ ಪ್ರಯಾಣ ಇದೆಯಲ್ಲ, ಅದಕ್ಕೆ ಗುರಿ ಇಲ್ಲ, ನೆಪ ಮಾತ್ರ ಇದೆ. ಕೊಂಡ ಸಾಮರ್ಥ್ಯವನ್ನು ಸಮರ್ಥಿಸಿಕೊಳ್ಳಲು ಹೋದ ದಾರಿ ಅದು. ಸಮಂತಭದ್ರರು ಪ್ರಮಾದಚರ್ಯೆ ಎಂದು ಹೆಸರಿಟ್ಟದ್ದಕ್ಕೆ ಇದು ಅಚ್ಚೊತ್ತಿದಂತೆ ಹೊಂದುತ್ತದೆ: ಕಾರಣವಿಲ್ಲದೆ ನೆಲ ಕೆದಕುವುದು, ನೀರು ಕಲಕುವುದು, ಗಿಡ ಕಡಿಯುವುದು, ಸುಮ್ಮಸುಮ್ಮನೆ ಅಲೆಯುವುದು ಮತ್ತು ಬೇರೆಯವರನ್ನು ಅಲೆಸುವುದು ಎಲ್ಲ ಆ ಪಟ್ಟಿಯಲ್ಲಿವೆ. ಕೊನೆಯದನ್ನು ಓದುವಾಗ ಭಾನುವಾರ ಸಾಲುಗಟ್ಟಿ ಹಳ್ಳಕ್ಕಿಳಿಯುವ ಗಾಡಿಗಳು ನೆನಪಾದರೆ ಅದು ಓದುಗನ ತಪ್ಪಲ್ಲ.

ಹಳ್ಳದ ಮಾತು ಬಿಡಿ, ಕಾವಲಿನಲ್ಲಿ ಏನು ಕೆಡುತ್ತದೆ? ಬೇಸಿಗೆಯಲ್ಲಿ ಉಳ್ಳಾರ್ತಿ ಕಾವಲನ್ನು ರಸ್ತೆಯಿಂದ ನೋಡಿದವನಿಗೆ ಕಾಣುವುದು ಒಣಹುಲ್ಲು, ಕಲ್ಲು, ಬಯಲು. ಸರ್ಕಾರಿ ಕಡತಗಳ ಭಾಷೆಯಲ್ಲಿ ಇಂಥದಕ್ಕೆ ಬಂಜರು ಎನ್ನುವ ಚಾಳಿಯಿದೆ; ಆಫ್‌ರೋಡ್ ಭಾಷೆಯಲ್ಲಿ ಟೆರೇನ್. ಎರಡೂ ಒಂದೇ ಕುರುಡುತನದ ಎರಡು ಹೆಸರು. ಇಲ್ಲಿನ ಹಳದಿ ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಗರಸು ನೆಲದಲ್ಲಿ ಅಂಗೈಯಷ್ಟು ತಗ್ಗು ಮಾಡಿ, ಸುತ್ತ ನಾಲ್ಕು ಹರಳು ಕೂಡಿಸಿ, ಮಣ್ಣುಬಣ್ಣಕ್ಕೆ ಕಪ್ಪು ಚುಕ್ಕೆ ಎರಚಿದಂಥ ನಾಲ್ಕು ಮೊಟ್ಟೆ ಇಡುತ್ತದೆ, ಅದೂ ಸುಡು ಬೇಸಿಗೆಯಲ್ಲಿ, ಅಂದರೆ ಗಾಡಿ ಎಲ್ಲಿ ಬೇಕಾದರೂ ಹೋಗಬಹುದಾದ ತಿಂಗಳುಗಳಲ್ಲಿ. ಹತ್ತಡಿ ದೂರದಿಂದ ಅದು ಕಲ್ಲೋ ಮೊಟ್ಟೆಯೋ ತಿಳಿಯದು. ತಾಯಿ ಹಕ್ಕಿ ದೂರ ಓಡಿ ಕಿರುಚಿ ನರಿ ನಾಯಿಗಳನ್ನು ದಾರಿ ತಪ್ಪಿಸಬಲ್ಲದು. ಡೀಸೆಲ್ ಎಂಜಿನ್ನಿನ ಒಳಗೆ ಕೂತವನಿಗೆ ಆ ಕೂಗು ಕೇಳುವುದಿಲ್ಲ. ಪಂಚತಂತ್ರದ ಟಿಟ್ಟಿಭ ತನ್ನ ಮೊಟ್ಟೆ ಕೊಚ್ಚಿಕೊಂಡು ಹೋದ ಸಮುದ್ರದ ಮೇಲೇ ಯುದ್ಧ ಸಾರಿ ಕೊನೆಗೆ ಗರುಡನ ನೆರವಿನಿಂದ ಮೊಟ್ಟೆಗಳನ್ನು ಮರಳಿ ಪಡೆಯಿತು. ಚಳ್ಳಕೆರೆ ಸೀಮೆಯ ಟಿಟ್ಟಿಭಕ್ಕೆ ಅಂಥ ಗರುಡನ ವಕಾಲತ್ತು ಸಿಗುವುದು ಅನುಮಾನ. ಮೊಟ್ಟೆಯ ಮಾತು ಹಾಗಿರಲಿ, ಮಳೆ ಬಿದ್ದಮೇಲೆ ಮೊದಲ ಗಾಡಿ ಬಿಟ್ಟ ಎರಡು ಗೆರೆಯಲ್ಲಿ ನೀರು ಇಂಗುವ ಬದಲು ಹರಿಯತೊಡಗುತ್ತದೆ. ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ, ಕೊರಕಲನ್ನು ತಪ್ಪಿಸಲು ಎರಡನೇ ಗಾಡಿ ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತದೆ.

ಹಾಗಾದರೆ ದನದ ಗೊರಸು? ಇದು ಗಟ್ಟಿ ಆಕ್ಷೇಪ, ತೇಲಿಸಿ ಬಿಡುವಂಥದ್ದಲ್ಲ. ಗೊರಸು ಚಿಕ್ಕದು, ಹಸು ಭಾರ. ಚದರ ಸೆಂಟಿಮೀಟರಿನ ಲೆಕ್ಕ ಹಾಕಿದರೆ ದನ ನೆಲವನ್ನು ಒತ್ತುವುದು ಜೀಪಿನ ಟೈರಿಗಿಂತ ಬಹಳ ಕಡಿಮೆಯೇನಲ್ಲ, ನಡೆಯುವಾಗ ಹೆಚ್ಚೇ ಆಗಬಹುದು. ಕಬ್ಬಿಣದ ಪಟ್ಟಿ ಹೊಡೆದ ಹಳೆಯ ಬಂಡಿ ಚಕ್ರವಂತೂ ನೆಲವನ್ನು ಕೊಯ್ಯುತ್ತಿತ್ತು. ಟೈರ್ ಗಾಡಿ ಬಂದದ್ದು ಎತ್ತಿನ ಹೆಗಲಿಗೂ ದಾರಿಗೂ ಉಪಕಾರವೇ ಆಯಿತು. ಆದ್ದರಿಂದ ರಬ್ಬರು ಪಾಪಿ, ಗೊರಸು ಪವಿತ್ರ ಎಂಬ ಸುಲಭದ ವಾದ ನನಗೆ ಬೇಡ. ವ್ಯತ್ಯಾಸ ಭಾರದಲ್ಲಿ ಇಲ್ಲ, ಗುರುತಿನ ಆಕಾರದಲ್ಲಿದೆ. ಗೊರಸಿನದು ಬಿಡಿಬಿಡಿ ಗುಳಿ; ಅದರಲ್ಲಿ ಒಂದು ಬೊಗಸೆ ನೀರು ನಿಲ್ಲುತ್ತದೆ, ಬೀಜ ಸಿಕ್ಕಿಕೊಳ್ಳುತ್ತದೆ, ಪಕ್ಕದಲ್ಲೇ ಸಗಣಿಯೂ ಬೀಳುತ್ತದೆ. ಚಕ್ರದ್ದು ತುಂಡಾಗದ ಗೆರೆ. ಅದರಲ್ಲಿ ನೀರು ನಿಲ್ಲದು. ಇನ್ನೊಂದು ವ್ಯತ್ಯಾಸ ಬರುವ ಕಾರಣದ್ದು. ದನಕ್ಕೆ ಕಾವಲಿನ ಹುಲ್ಲು ಬೇಕು. ಹುಲ್ಲು ಮುಗಿದರೆ ಅದಕ್ಕೂ ಮುಗಿಯಿತು. ಇಲ್ಲಿನ ಪಶುಪಾಲಕರಾದ ಕಾಡುಗೊಲ್ಲರಿಗೆ, ಮ್ಯಾಸಬೇಡರಿಗೆ ಈ ಬಯಲು ಮೇವಿನದಷ್ಟೇ ಆಗಿರದೆ ದೇವರದ್ದೂ ಆಗಿರುವುದು ಇದೇ ಕಾರಣಕ್ಕೆ. ಮ್ಯಾಸಬೇಡರು ದೇವರ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಅವನ್ನು ಕಾಯಲು ಕಿಲಾರಿ ಎಂದೇ ಒಬ್ಬನಿರುತ್ತಾನೆ. ದುಡಿಸಬಹುದಾದ ಬಲವನ್ನು ದುಡಿಸದೆ ಉಳಿಸುವುದೇ ಅಲ್ಲಿ ಪೂಜೆ. ಗಾಡಿಗೆ ನಾವು ಮಾಡುವ ಆಯುಧಪೂಜೆ ಇದಕ್ಕೆ ತದ್ವಿರುದ್ಧ: ಒಂದು ದಿನ ನಿಲ್ಲಿಸಿ, ಉಳಿದ ದಿನ ಇನ್ನೂ ಜೋರಾಗಿ ಓಡಲಿ ಎಂದು ಬೇಡುವುದು.

ಕಾವಲನ್ನು ಪುಣ್ಯಭೂಮಿಯಾಗಿ ಚಿತ್ರಿಸುವ ಮುನ್ನ ಅದರ ಚರಿತ್ರೆಯನ್ನೂ ಹೇಳಿಬಿಡಬೇಕು. ಇವು ಅಮೃತಮಹಲ್ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಹೆಸರಿನಲ್ಲಿ ಬೆಣ್ಣೆ, ಅಮೃತ ಇದ್ದರೂ ಆ ಎತ್ತುಗಳು ಹೆಸರಾದದ್ದು ಸೇನೆಯ ಸಾಮಾನು, ಫಿರಂಗಿ ಎಳೆಯುವುದರಲ್ಲಿ. ಮೈಸೂರಿನ ಪಡೆ ಶತ್ರುವಿನ ಊಹೆಗಿಂತ ಮೊದಲೇ ಎದುರು ಬಂದು ನಿಲ್ಲುತ್ತಿದ್ದುದಕ್ಕೆ ಈ ತಳಿಯ ಓಟ, ತಾಳಿಕೆ ದೊಡ್ಡ ಕಾರಣ ಎಂದು ಎದುರಾಳಿಗಳಾದ ಇಂಗ್ಲಿಷರೇ ಮೆಚ್ಚಿ, ಆಮೇಲೆ ಆ ಮಂದೆಯನ್ನು ತಮ್ಮ ಸೈನ್ಯಕ್ಕೆಂದೇ ಉಳಿಸಿಕೊಂಡರು. ಅಂದರೆ ಆ ಕಾಲದ ಆಲ್ ಟೆರೇನ್ ತಯಾರಾಗುತ್ತಿದ್ದುದು ಇಂಥ ಹುಲ್ಲಿನ ಮೇಲೆಯೇ. ದಿಗ್ವಿಜಯಕ್ಕೆ ಬೇಕಾದ ಕಾಲು ಹುಲ್ಲುಗಾವಲಿನಿಂದಲೇ ಬರಬೇಕಿತ್ತು, ಹಾಗಾಗಿ ರಾಜರು ಹುಲ್ಲುಗಾವಲಿಗೆ ಎಲ್ಲೆ ಹಾಕಿ ಕಾದರು. ವಿಜಯದ ಆಸೆಯೂ ಒಂದು ವ್ರತವನ್ನು ಆಧರಿಸಿಯೇ ನಿಂತಿತ್ತು ಎನ್ನುವುದು ಈ ಚರಿತ್ರೆಯ ವ್ಯಂಗ್ಯ. ಇನ್ನೂ ಹಿಂದಕ್ಕೆ ಹೋದರೆ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಆ ಶಾಸನಗಳು ಯುದ್ಧ ಸಾಕೆನಿಸಿದ ಚಕ್ರವರ್ತಿಯೊಬ್ಬನವು. ಅವುಗಳಲ್ಲಿ 256 ಎಂಬ ಅಂಕಿಯಿದೆ. ಅಷ್ಟು ರಾತ್ರಿ ಅಶೋಕ ಸಂಚಾರದಲ್ಲಿ ಕಳೆದ ಎಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅರ್ಥ. ಅಂದರೆ ಅವನೂ ತಿರುಗಾಟ ನಿಲ್ಲಿಸಲಿಲ್ಲ, ತಿರುಗುವ ಕಾರಣವನ್ನು ಬದಲಿಸಿದ. ಅವನು ಹಿಡಿದ ಧರ್ಮದ ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನೆಲೆನಿಲ್ಲುವ ನಿಯಮ ಹುಟ್ಟಿದ್ದೂ ಇದೇ ಜಗಳದಿಂದ: ಹಸಿರು ಹುಲ್ಲು ತುಳಿಯುತ್ತ, ಸಣ್ಣ ಜೀವಗಳನ್ನು ಕೊಲ್ಲುತ್ತ ಮಳೆಯಲ್ಲೂ ತಿರುಗುತ್ತಾರಲ್ಲ ಎಂದು ಜನ ಆಡಿಕೊಂಡದ್ದಕ್ಕೆ ಬುದ್ಧ ವರ್ಷಾವಾಸ ವಿಧಿಸಿದ ಎಂದು ವಿನಯಪಿಟಕ ಹೇಳುತ್ತದೆ. ಬರಿಗಾಲಿಗೇ ಇಷ್ಟು ಕಟ್ಟಳೆ.

ಕೆಲಸಕ್ಕೆಂದು ಹೋಗಲೇಬೇಕಾದವರ ಗತಿಯೇನು ಎಂಬ ಅಗತ್ಯದ ಆಕ್ಷೇಪಕ್ಕೆ ಉತ್ತರ ಬೇರೆ ಥರದ್ದು, ಏಕೆಂದರೆ ಅದು ಪೂರ್ತಿ ಸರಿ. ರಾತ್ರಿ ಕರು ಅಡ್ಡ ಸಿಕ್ಕಿಕೊಂಡಿದೆಯೆಂದು ಹಟ್ಟಿಯಿಂದ ಫೋನು ಬಂದಾಗ ಪಶುವೈದ್ಯರು ದಿಗ್ವ್ರತ ನೆನೆಯುತ್ತ ಕೂರಬೇಕಿಲ್ಲ. ಶೇಂಗಾ ಮೂಟೆ, ಕುರಿ ಮೇವು, ಹೆರಿಗೆಗೆ ಹೊರಟವರು, ಎಲ್ಲರಿಗೂ ಕಲ್ಲು ಮುಳ್ಳಿನ ದಾರಿಯೇ ಗತಿ. ಬಳ್ಳಾರಿ ಜಾಲಿಯ ಮುಳ್ಳು ಒಣಗಿದ ಮೇಲೆ ಮೊಳೆಯಿದ್ದಂತೆ. ಬಟನ್ನು ಎಷ್ಟು ದಪ್ಪವಿದ್ದರೂ ಸಂದಿನಲ್ಲಿ ರಬ್ಬರು ತೆಳುವೇ ಆದ್ದರಿಂದ ಚುಚ್ಚುವುದು ಅಲ್ಲೇ. ಈ ಸೀಮೆಯಲ್ಲಿ ಮುಳ್ಳಿಗೆ ಅಂಜದೆ ಹೋಗುವ ಪ್ರಸಿದ್ಧ ಸಂದರ್ಭ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ. ಮುಳ್ಳಿನಿಂದಲೇ ಕಟ್ಟಿದ ಗುಡಿಯನ್ನು ಹರೆಯದವರು ಬರಿಗಾಲಲ್ಲಿ ಹತ್ತಿ ಕಳಸ ಇಳಿಸುತ್ತಾರೆ. ಅದು ವರ್ಷಕ್ಕೊಮ್ಮೆ, ದೇವರ ಹೆಸರಲ್ಲಿ. ಉಳಿದವರಿಗೆ ಗಟ್ಟಿ ಪಕ್ಕೆಯ ಟೈರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅನರ್ಥದಂಡವನ್ನು ಬಿಡು ಎಂದ ಶಾಸ್ತ್ರ ಅರ್ಥವಿರುವುದನ್ನು ಬಿಡು ಎನ್ನಲಿಲ್ಲ. ಹಾಗೆ ನೋಡಿದರೆ ಈ ಸೀಮೆಗೆ ಸರಿಯಾದ ಆಯ್ಕೆ ಬಹಳ ಸರಳ: ಕಂಪನಿ ಹೇಳಿದ ಸೈಜೇ, ಲೋಡ್ ಇಂಡೆಕ್ಸ್ ಅದಕ್ಕಿಂತ ಕಡಿಮೆ ಇಲ್ಲದ್ದು, ಸಂದು ಮಿತವಾಗಿರುವ ಆಲ್ ಟೆರೇನ್. ಡಾಂಬರಿನ ಓಡಾಟವೇ ಹೆಚ್ಚಾಗಿದ್ದರೆ ರಸ್ತೆ ಟೈರೂ ಸಾಕು. ಸೈಜಿನ ಮುಂದೆ ಎಲ್‌ಟಿ ಎಂದು ಬರೆದದ್ದು ಭಾರ ಹೊರುವ ಗಾಡಿಯದು. ಪಕ್ಕೆ ಗಟ್ಟಿ, ಆದರೆ ಅಷ್ಟೇ ಭಾರಕ್ಕೆ ಹೆಚ್ಚು ಗಾಳಿ ಕೇಳುತ್ತದೆ, ಖಾಲಿ ಗಾಡಿಯನ್ನು ಕುಣಿಸುತ್ತದೆ. ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ಇಸವಿ. 2324 ಎಂದರೆ 2024ರ 23ನೇ ವಾರದ ಮಾಲು. ಬೆಟ್ಟದ ಚಿತ್ರದೊಳಗೆ ಹಿಮದ ಹರಳು ಬರೆದ ಮುದ್ರೆಗೆ ಚಳ್ಳಕೆರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಉಳಿದದ್ದು ಸಂತೋಷದ ಆಕ್ಷೇಪ. ಬಯಲು ನೋಡುವ ಆಸೆಗೆ ಅರ್ಥವಿಲ್ಲವೇ? ಕೃಷ್ಣಮೃಗದ ಹಿಂಡು ಹಾರುವುದನ್ನು, ಸಂಜೆ ಹುಲ್ಲಿನ ಮೇಲೆ ಬೆಳಕು ಹರಿಯುವುದನ್ನು ನೋಡಿದವನೇ ನಾಳೆ ಕಾವಲಿನ ಪರ ನಿಲ್ಲುವವನು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ನೋಡುವುದಕ್ಕೂ ವೇಗಕ್ಕೂ ಲೆಕ್ಕವಿದೆ. ಜೈನ ಮುನಿಯ ನಡಿಗೆಯ ನಿಯಮವಾದ ಈರ್ಯಾಸಮಿತಿ ನೊಗದ ಉದ್ದದಷ್ಟು, ಅಂದರೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆ ಎನ್ನುತ್ತದೆ. ನಾಲ್ಕು ಮೊಳ ಸುಮಾರು 1.8 ಮೀಟರ್. ನಡೆಯುವವನು ಅದನ್ನು ದಾಟಲು ಒಂದೂವರೆ ಸೆಕೆಂಡು ಬೇಕು. ಗಂಟೆಗೆ 40 ಕಿಲೋಮೀಟರ್ ಹೋಗುವ ಗಾಡಿಗೆ ಒಂದು ಸೆಕೆಂಡಿನ ಆರನೇ ಒಂದು ಪಾಲು. ಅಷ್ಟರಲ್ಲಿ ಕಲ್ಲು ಯಾವುದು, ಮೊಟ್ಟೆ ಯಾವುದು ಎಂದು ಯಾವ ಕಣ್ಣೂ ಆರಿಸಲಾರದು. ನೋಡಲು ಬಂದವನು ಬಂಡಿ ಜಾಡು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಇಳಿದರೆ ಅವನ ಸಂತೋಷಕ್ಕೆ ಏನೂ ಕಡಿಮೆಯಾಗದು. ಕಡಿಮೆಯಾಯಿತು ಅನಿಸಿದರೆ ಅವನು ಬಂದದ್ದು ಬಯಲು ನೋಡಲಿಕ್ಕಲ್ಲ, ಗಾಡಿ ನೋಡಲಿಕ್ಕೆ.

ಇಷ್ಟೆಲ್ಲ ಆದಮೇಲೂ ಊರಿನವರು ಕೇಳಬಹುದಾದ ಒಂದು ಪ್ರಶ್ನೆ ಇದೆ. ಚಳ್ಳಕೆರೆಯ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋಯಿತು. ಉಳ್ಳಾರ್ತಿ ಕಾವಲಿನಲ್ಲೇ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ. ಜನ ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು, ಗೋಡೆಗಳೂ ಎದ್ದವು. ಅಷ್ಟು ದೊಡ್ಡದು ನಡೆದಿರುವಾಗ ಒಂದು ಜೀಪಿನ ಗೆರೆಯನ್ನು ಹಿಡಿದು ಧರ್ಮಶಾಸ್ತ್ರ ಮಾತಾಡುವುದು ಹಾಸ್ಯಾಸ್ಪದವಲ್ಲವೇ? ಹಾಸ್ಯಾಸ್ಪದವಾಗುತ್ತಿತ್ತು, ಈ ಮಾತು ಗೋಡೆಯನ್ನು ಮರೆಸಲು ಆಡಿದ್ದಾಗಿದ್ದರೆ. ಗೋಡೆಯ ಒಳಗಿನ ನ್ಯಾಯ ಬೇರೆ ಚರ್ಚೆ, ಅದನ್ನು ಟೈರಿನ ಅಂಗಡಿಯಲ್ಲಿ ತೀರಿಸಲಾಗದು. ಒಳಗಿನದ್ದರಲ್ಲಿ ನನಗೆ ಇಲ್ಲಿ ಬೇಕಾದ್ದು ಒಂದೇ ಸಂಗತಿ. ಅಲ್ಲಿನ ವೈಮಾನಿಕ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ವಾಹನವನ್ನು ಮೊದಲ ಬಾರಿ ತಾನಾಗಿಯೇ ಇಳಿಯುವಂತೆ ಮಾಡಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಲ್ಲಿ ಮತ್ತೆರಡು ಸಲ ಇಳಿಸಿತು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ಹಿಂದಿನಿಂದ ಪ್ಯಾರಾಶೂಟ್ ಬಿಚ್ಚಿ 100ರ ಹತ್ತಿರಕ್ಕೆ ತಂದು, ಆಮೇಲೆ ಚಕ್ರದ ಬ್ರೇಕು. ಹೆಸರು ಮನಸ್ಸು ಬಂದಲ್ಲಿಗೆ ಹೋಗುವ ಪುಷ್ಪಕದ್ದು, ಚಕ್ರ ಮಾತ್ರ ಒಂದೇ ಒಂದು ನೆಲಕ್ಕೆ ತಕ್ಕದ್ದು, ಒಂದು ನೇರ ಓಡುದಾರಿಗೆ. ಅದರಿಂದ ಒಂದು ಗಜ ಆಚೆ ಸರಿದರೆ ಆ ಟೈರಿಗೆ ಭೂಮಿಯೇ ಇಲ್ಲ.

ಗೋಡೆಯ ಹೊರಗೆ ಉಳಿದ ನೆಲದಲ್ಲಿ ಮೊದಲಿನಷ್ಟೇ ಕುರಿ, ದನ, ಬೈಕು, ಟೈರ್ ಗಾಡಿ ಓಡಾಡಬೇಕು. ಜಾಗ ಮಾತ್ರ ಮೊದಲಿನಷ್ಟಿಲ್ಲ. ಆದ್ದರಿಂದ ದೊಡ್ಡ ಅನ್ಯಾಯ ಸಣ್ಣ ಗೆರೆಯನ್ನು ಹಗುರ ಮಾಡುವುದಿಲ್ಲ, ಇನ್ನಷ್ಟು ಭಾರ ಮಾಡುತ್ತದೆ. ಸಮಂತಭದ್ರರು ದಿಗ್ವ್ರತಕ್ಕೆ ಐದು ಅತಿಚಾರ, ಅಂದರೆ ಲೋಪ, ಹೇಳುತ್ತಾರೆ: ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು, ಎಲ್ಲೆಯನ್ನು ತುಸು ಹಿಗ್ಗಿಸಿಕೊಳ್ಳುವುದು, ಐದನೆಯದು, ಎಲ್ಲೆ ಎಲ್ಲಿ ಹಾಕಿಕೊಂಡಿದ್ದೆ ಎಂಬುದನ್ನೇ ಮರೆಯುವುದು. ಮೊದಲ ನಾಲ್ಕು ಮೀರಿದವನಿಗೆ ಮೀರಿದೆನೆಂದಾದರೂ ಗೊತ್ತಿರುತ್ತದೆ. ಉಳ್ಳಾರ್ತಿಯ ಹಳೆಯ ಬಂಡಿ ಜಾಡು ಹುಲ್ಲಿನ ನಡುವೆ ಸವೆದು ಮಾಯವಾಗುವ ಜಾಗದಲ್ಲಿ ಬೋರ್ಡಿಲ್ಲ, ಬೇಲಿಯಿಲ್ಲ; ಗಟ್ಟಿ ಟೈರಿನ ಮೇಲೆ ಕೂತವನಿಗೆ ಜಾಡು ಮುಗಿದದ್ದು ಸೀಟಿನಲ್ಲಿ ಗೊತ್ತೂ ಆಗುವುದಿಲ್ಲ.